ಗರಗಸದ ಇಂಜಿನ್ನಿಗೆ ಪಂಖ ಕಟ್ಟಿದ್ದು

ಮಾವಿನ ಸುಗ್ಗಿ ಮುಗಿದು ತೋಟಗಳಲ್ಲಿ ಕೊಂಬೆ ಸವರುವ ಕೆಲಸ ಶುರುವಾಯಿತೆಂದರೆ ಶ್ರೀನಿವಾಸಪುರದಲ್ಲಿ ನನಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ. ನಾನು ಪವರ್ ಸಾ ರಿಪೇರಿ ಮಾಡುವವನು. ಮರ ಕೊಯ್ಯುವ ಪೆಟ್ರೋಲ್ ಗರಗಸ ಅಂದರೆ ಎಲ್ಲರಿಗೂ ತಿಳಿಯುತ್ತದೆ. ಒಬ್ಬ ಚೈನು ಹರಿದುಕೊಂಡು ಬರುತ್ತಾನೆ. ಇನ್ನೊಬ್ಬ ಆಯಿಲ್ ಬೆರೆಸದೆ ಬರೀ ಪೆಟ್ರೋಲ್ ಹಾಕಿ, ಪಿಸ್ಟನ್ ಸುಟ್ಟುಕೊಂಡು ಬಂದು, ‘ಅಣ್ಣಾ, ಸುಮ್ನೆ ನಿಂತೋಯ್ತು’ ಅನ್ನುತ್ತಾನೆ. ಸುಮ್ಮನೆ ಯಾವುದು ನಿಲ್ಲುತ್ತದೆ? ಇಂಥವರನ್ನೆಲ್ಲ ಬೈದುಕೊಂಡು ಕೂತಿದ್ದ ಒಂದು ಬೆಳಿಗ್ಗೆ ಪೆಟ್ಟಿಗೆ ಭಾಯ್ ಅಂಗಡಿಗೆ ಬಂದರು.

ಪೆಟ್ಟಿಗೆ ಭಾಯ್ ಅಂದರೆ ಮಂಡಿಯ ಹಿಂದೆ ಮಾವಿನಹಣ್ಣಿಗೆ ಮರದ ಪೆಟ್ಟಿಗೆ ಹೊಡೆಯುವವರು. ಪ್ಲಾಸ್ಟಿಕ್ ಕ್ರೇಟುಗಳು ಬಂದ ಮೇಲೆ ಆ ಕೆಲಸ ಕಡಿಮೆಯಾಗಿದೆ, ಆದರೂ ದೂರದ ಊರಿಗೆ ಹೋಗುವ ಹಣ್ಣಿಗೆ ಈಗಲೂ ಅವರ ಪೆಟ್ಟಿಗೆಯೇ ಬೇಕು. ಅವರು ಚೀಲದಿಂದ ಏನನ್ನೋ ತೆಗೆದು ನನ್ನ ಬೆಂಚಿನ ಮೇಲಿಟ್ಟರು. ಒಂದೇ ಮರದ ತುಂಡಿನಲ್ಲಿ ಕೆತ್ತಿದ ಎರಡು ರೆಕ್ಕೆಯ ಪಂಖ. ಮೊಳಕ್ಕಿಂತ ಉದ್ದವಿತ್ತು. ಕೈಯಾಡಿಸಿದರೆ ಒಂದು ಕಡೆಯೂ ಉಬ್ಬಿಲ್ಲ, ತಗ್ಗಿಲ್ಲ.

‘ಇದನ್ನ ತಿರುಗ್ಸೋಕೆ ಒಂದು ಇಂಜಿನ್ ಬೇಕಲ್ಲ ತಮ್ಮಾ,’ ಅಂದರು.

‘ಏನ್ ಭಾಯ್ ಇದು, ಸೀಲಿಂಗ್ ಫ್ಯಾನಾ?’

‘ವಿಮಾನದ್ದು.’

ನಾನು ನಕ್ಕೆ. ಅವರು ನಗಲಿಲ್ಲ. ‘ಬಾ, ತೋರಿಸ್ತೀನಿ,’ ಅಂತ ಮನೆಯ ಹಿಂದಿನ ಶೆಡ್ಡಿಗೆ ಕರೆದುಕೊಂಡು ಹೋದರು. ಒಳಗೆ ಜಂತಿಗೆ ಹಗ್ಗ ಕಟ್ಟಿ ಒಂದು ರೆಕ್ಕೆಯನ್ನು ನೇತುಹಾಕಿದ್ದರು. ಎರಡು ಮಂಚ ಒಂದರ ಮುಂದೊಂದು ಇಟ್ಟರೆ ಎಷ್ಟೋ ಅಷ್ಟುದ್ದ. ಪೆಟ್ಟಿಗೆಯ ಮರವನ್ನೇ ಹತ್ತರಿ ಹೊಡೆದು ಹಪ್ಪಳದಷ್ಟು ತೆಳ್ಳಗೆ ಮಾಡಿ ಎಲುಬುಗಳನ್ನು ಜೋಡಿಸಿದ್ದರು. ಕೆಳಗೆ ವಿಮಾನದ ಒಡಲು, ಬಾಲ, ಚಕ್ರ. 

ಭಾಯ್ ಪ್ರಾಯದಲ್ಲಿ ಬೆಂಗಳೂರಿನಲ್ಲಿದ್ದಾಗ, ಶೋಕಿಗೆ ರಿಮೋಟಿನಲ್ಲಿ ವಿಮಾನ ಹಾರಿಸುವವರಿಗೆ ಮಾದರಿಗಳನ್ನು ಕಟ್ಟಿಕೊಡುತ್ತಿದ್ದರಂತೆ. ಊರಿಗೆ ವಾಪಸಾದ ಮೇಲೂ ಕಟ್ಟಿ ಕಳಿಸುತ್ತಿದ್ದರಂತೆ. ಅದೇ ಬೀದಿಯಲ್ಲಿ ಓಡಾಡಿಕೊಂಡಿದ್ದ ನನಗೆ ಇದು ಗೊತ್ತೇ ಇರಲಿಲ್ಲ.

‘ಕಟ್ಟಿದ್ಮೇಲೆ ಮೊದಲ್ನೇ ಸಲ ಹಾರ್ಸಿ, ವಾಲುತ್ತಾ ಎಳೆಯುತ್ತಾ ಅಂತ ನೋಡಿ, ಆಮೇಲೆ ಅವರ ಕೈಗೆ ಕೊಡೋದು ನನ್ ಕೆಲಸ. ಎಲ್ಲಾ ಅವರದೇ. ನಂದು ಅಂತ ಇದೊಂದೇ,’ ಅಂದರು. ‘ಇಷ್ಟು ದೊಡ್ಡದಕ್ಕೆ ಫಾರಿನ್ ಇಂಜಿನ್ ತರಿಸ್ಬೇಕು. ಅದು ನನ್ ಕೈಲಾಗೋ ಮಾತಲ್ಲ. ನಿನ್ ಕೊಯ್ಯೋ ಮಿಷನ್ ಇಂಜಿನ್ನೂ ಟೂ ಸ್ಟ್ರೋಕೇ ತಾನೆ? ಹಗುರಾಗೂ ಇದೆ. ಬೇರೆ ಊರಲ್ಲಿ ಹಾಕಿದ್ದು ನಾನ್ ಕಣ್ಣಾರೆ ನೋಡಿದೀನಿ.’

‘ನೋಡೋಣ ಭಾಯ್. ಸವರೋ ಕೆಲಸ ಮುಗೀಲಿ.’

ಅಷ್ಟು ಹೊತ್ತಿಗೆ ಟೀ ತಂದ ಅವರ ಹೆಂಡತಿ ಲೋಟ ನನ್ನ ಕೈಗೆ ಕೊಟ್ಟು, ಗಂಡನ ಕಡೆ ನೋಡದೆ, ‘ಕೈಯಿಂದ ಮೊಳೆ ಬೀಳ್ತಾವೆ ಅಂತ ಇವ್ರಿಗೆ ಹೇಳ್ರೀ,’ ಅಂದರು.

ಪೆಟ್ಟಿಗೆ ಹೊಡೆಯುವವರ ಕೆಲಸ ನೋಡಿದವರಿಗೆ ಈ ಮಾತು ಅರ್ಥವಾಗುತ್ತದೆ. ಅವರು ಒಂದು ಹಿಡಿ ಮೊಳೆ ಬಾಯಿಗೆ ಹಾಕಿಕೊಳ್ಳುತ್ತಾರೆ. ನಾಲಿಗೆಯಲ್ಲೇ ತಿರುಗಿಸಿ ಒಂದೊಂದನ್ನು ತುಟಿಗೆ ತರುತ್ತಾರೆ. ಎಡಗೈ ಅದನ್ನು ತೆಗೆದು ಮರದ ಮೇಲೆ ನಿಲ್ಲಿಸುತ್ತದೆ, ಬಲಗೈ ಹೊಡೆಯುತ್ತದೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಒಂದು ಪಕ್ಕ ಮುಗಿದಿರುತ್ತದೆ. ಭಾಯ್ ಇಷ್ಟು ಹೊತ್ತೂ ಎಡಗೈಯನ್ನು ಜುಬ್ಬದ ಜೇಬಿನಲ್ಲಿಟ್ಟುಕೊಂಡೇ ಇದ್ದರು. ಈಗ ತೆಗೆದು ಮೊಣಕಾಲ ಮೇಲಿಟ್ಟರು. ಬೆರಳುಗಳು ತಮ್ಮ ಪಾಡಿಗೆ ತಾವು ನಡುಗುತ್ತಿದ್ದವು.

‘ಕೋಲಾರದ ಡಾಕ್ಟ್ರು ಮಾತ್ರೆ ಕೊಟ್ಟವ್ರೆ,’ ಅಂದರು. ‘ಇದು ವಾಪಸ್ ಹೋಗೋ ಕಾಯ್ಲೆ ಅಲ್ವಂತೆ. ನಿಧಾನಕ್ಕೆ ಬಲಗಡೆಗೂ ಬರುತ್ತಂತೆ. ಅದು ಬರೋದ್ರೊಳಗೆ ಒಂದು ಸಲ ನಾನೇ ಇದನ್ನ ಹಾರ್ಸಿ ಇಳಿಸ್ಬೇಕು. ಅಷ್ಟೇ ತಮ್ಮಾ.’

 ಸವರೋ ಕೆಲಸ ಮುಗಿಯಲಿ ಎಂದು ನಾನು ಇನ್ನೊಂದು ಸಲ ಹೇಳಲಿಲ್ಲ.

ಮುಳಬಾಗಿಲಿನ ಕಡೆಯ ತೋಟದವರೊಬ್ಬರು, ಕೊಂಬೆ ಬಿದ್ದು ಹಿಡಿ ಮುರಿದ ಗರಗಸವನ್ನು ನನ್ನಲ್ಲೇ ಬಿಟ್ಟು ಹೊಸದು ತೆಗೆದುಕೊಂಡಿದ್ದರು. ಐವತ್ತೆರಡು ಸಿಸಿ, ಇಂಜಿನ್ನಿಗೆ ಏಟಾಗಿರಲಿಲ್ಲ. ಅದನ್ನೇ ಬಿಚ್ಚಿದೆ. ಹಿಡಿ, ಬ್ರೇಕು, ಚೈನಿಗೆ ಎಣ್ಣೆ ಬಿಡುವ ಪಂಪು, ಹಗ್ಗ ಎಳೆಯುವ ಡಬ್ಬಿ, ಕ್ಲಚ್ಚು, ಎಲ್ಲ ತೆಗೆದ ಮೇಲೆ ಉಳಿದದ್ದು ಸಿಲಿಂಡರು, ಅದರ ಹಿಂದೆ ಕಾರ್ಬೊರೇಟರು, ಒಂದು ಬದಿಗೆ ಫ್ಲೈವೀಲು. ತೂಗಿ ನೋಡಿ ಭಾಯ್ ಖುಷಿಪಟ್ಟರು.

ಮೊದಲನೆಯ ತಪ್ಪು ಅಲ್ಲೇ ಆಯಿತು, ಮಾಡಿದವನು ನಾನೇ. ನನ್ನ ಕಸುಬಿನವರಿಗೆ ಈ ಇಂಜಿನ್ನಿಗೆ ಇರುವುದು ಒಂದೇ ಮುಖ. ಚೈನು ತಿರುಗುವ ಕಡೆ. ಶಕ್ತಿ ಹೊರಗೆ ಬರುವುದು ಅಲ್ಲಿಂದ, ನಾವು ಹುಟ್ಟಿದಾಗಿನಿಂದ ನೋಡಿರುವುದೂ ಅದನ್ನೇ. ಪಂಖವನ್ನೂ ಅಲ್ಲಿಗೇ ಕೂರಿಸಬೇಕು ಅಂತ ಬೇರೆ ಯೋಚನೆಯನ್ನೇ ಮಾಡದೆ, ಕೋಲಾರದ ಲೇಥಿನವರ ಹತ್ತಿರ ಅದನ್ನು ಶಾಫ್ಟಿಗೆ ಬಿಗಿಯಲು ಒಂದು ಕಬ್ಬಿಣದ ಗುಬ್ಬ ಮಾಡಿಸಿಕೊಂಡು ಬಂದೆ. ಬೆಂಚಿಗೆ ಇಂಜಿನ್ ಬಿಗಿದು, ಪಂಖ ಹಾಕಿ, ಚರ್ಮದ ಕೈಗವಸು ತೊಟ್ಟು ತಿರುವಿದೆ. ನಾಲ್ಕನೆಯದಕ್ಕೋ ಐದನೆಯದಕ್ಕೋ ಹತ್ತಿಕೊಂಡಿತು. ಗಾಳಿ ಹಿಂದಕ್ಕೆ ಬೀಸಬೇಕಿತ್ತು. ಅದು ಮುಂದಕ್ಕೆ ಬೀಸಿ, ಎದುರಿಗಿದ್ದ ಗಿರಾಕಿಯ ಟವಲ್ಲನ್ನು ರಸ್ತೆಗೆ ಹಾರಿಸಿತು.

ಭಾಯ್ ನಿಧಾನಕ್ಕೆ, ‘ತಮ್ಮಾ, ನೀನು ಹಿಂದಕ್ಕೆ ಹಾರೋ ವಿಮಾನ ಮಾಡಿದೀಯ,’ ಅಂದರು.

ಚೈನಿನ ಕಡೆಯಿಂದ ನೋಡಿದರೆ ಇಂಜಿನ್ ತಿರುಗುವುದು ಉಲ್ಟಾ ದಿಕ್ಕಿಗೆ. ಆ ಕಡೆಗೇ ಇಡಬೇಕೆಂದರೆ ಪಂಖವನ್ನು ಮತ್ತೆ ಉಲ್ಟಾ ಕೆತ್ತಬೇಕು. ಆ ಕೈಯಲ್ಲಿ ಮತ್ತೊಂದನ್ನು ಕೆತ್ತಿರಿ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಇಂಜಿನ್ನನ್ನೇ ತಿರುಗಿಸಿ, ಫ್ಲೈವೀಲಿನ ಕಡೆಯನ್ನು ಮುಂದಕ್ಕೆ ಮಾಡುವುದೊಂದೇ ದಾರಿ.

ಫ್ಲೈವೀಲು ಬರೀ ಚಕ್ರವಲ್ಲ. ಅದರ ಮೇಲಿನ ಅಯಸ್ಕಾಂತವೇ ಪ್ಲಗ್ಗಿಗೆ ಕಿಡಿ ಕೊಡುವುದು, ಸುತ್ತಲಿನ ರೆಕ್ಕೆಗಳೇ ಇಂಜಿನ್ನಿಗೆ ಗಾಳಿ ಬೀಸಿ ತಂಪು ಮಾಡುವುದು. ತಂಪಿಗೆ ಇನ್ನು ಪಂಖದ ಗಾಳಿಯೇ ಸಾಕಾದ್ದರಿಂದ, ಅಯಸ್ಕಾಂತಕ್ಕೆ ಏನೂ ಆಗದಂತೆ ಆ ರೆಕ್ಕೆಗಳನ್ನು ಲೇಥಿನಲ್ಲಿ ಸವೆಸಿ, ಅದರ ಮುಖಕ್ಕೆ ಹೊಸ ಗುಬ್ಬ ಕೂರಿಸಿ, ಬೋಲ್ಟು ಹಾಕಬೇಕು. ಕೂದಲೆಳೆಯಷ್ಟು ಆಚೀಚೆಯಾದರೆ ವಿಮಾನವೇ ನಡುಗಿ ಬಿಚ್ಚಿಕೊಳ್ಳುತ್ತದೆ. ಕೋಲಾರದ ಲೇಥ್ ಯಜಮಾನರು ನನ್ನನ್ನು ನೋಡಿದ ಕೂಡಲೇ ಮುಖ ಸಿಂಡರಿಸಿದರು.

‘ಇದು ಓಡ್ತಾ ಇರುವಾಗ ಬಿಚ್ಕೊಂಡ್ರೆ ಯಾರ್ ತಲೆ ಹೋಗುತ್ತಪ್ಪಾ?’

‘ಹತ್ರ ನಿಂತಿರೋನು ನಾನೇ ಅಲ್ವಾ ಸಾರ್.’

‘ಹಂಗಾದ್ರೆ ಮಾಡ್ಕೊಡ್ತೀನಿ,’ ಅಂದರು. ನನ್ನ ಮೇಲೆ ಎಂಥ ಪ್ರೀತಿ ನೋಡಿ.

ಆದರೆ ಕೆಲಸ ಚೆನ್ನಾಗಿಯೇ ಮಾಡಿಕೊಟ್ಟರು. ಚಕ್ರ ಕೂರುವ, ತುದಿಗೆ ಸಣ್ಣಗಾಗುವ ಶಾಫ್ಟಿಗೆ ನಾನು ವಾಲ್ವು ಉಜ್ಜುವ ಪೇಸ್ಟು ಹಚ್ಚಿ, ಎಲ್ಲ ಕಡೆ ಒಂದೇ ಸಮ ಕಚ್ಚುವವರೆಗೆ ತಿರುವಿ ತಿರುವಿ ಉಜ್ಜಿದೆ. ಈ ಸಲ ಗಾಳಿ ಸರಿಯಾದ ಕಡೆಗೆ ಬೀಸಿತು. ಖುಷಿಯಲ್ಲಿ ಕೈ ಹಿಂದಕ್ಕೆ ತೆಗೆಯುವುದು ತಡವಾಗಿ, ತೋರುಬೆರಳಿಗೆ ಪಂಖ ಬಡಿದು ಉಗುರು ಕಪ್ಪಗಾಯಿತು. ಕೈಗವಸಿಲ್ಲದಿದ್ದರೆ ಬೆರಳೇ ಇರುತ್ತಿರಲಿಲ್ಲ.

ಹಾರಿಸುವುದಕ್ಕೆ ಜಾಗ ಹುಡುಕುವುದೇ ಒಂದು ಕೆಲಸವಾಯಿತು. ಮೊದಲಾಗಿದ್ದರೆ ಯಾವುದಾದರೂ ಒಣಗಿದ ಕೆರೆಯ ಅಂಗಳ ಸಿಗುತ್ತಿತ್ತು. ಈಗ ಬೆಂಗಳೂರಿನ ಶುದ್ಧ ಮಾಡಿದ ಕೊಳಚೆ ನೀರು ಬಂದು ಕೆರೆಗಳು ತುಂಬಿವೆ. ಕೊನೆಗೆ ಕೋಲಾರದ ರಸ್ತೆಯಲ್ಲಿ, ಸೈಟುಗಳಿಗೆ ಕಲ್ಲು ನೆಟ್ಟು ಟಾರು ಹಾಕಿ, ಒಬ್ಬರೂ ಮನೆ ಕಟ್ಟದೆ ಬಿದ್ದಿರುವ ಲೇಔಟೊಂದು ಸಿಕ್ಕಿತು. ಮಾಲೀಕರಿಗೂ ಪೊಲೀಸ್ ಸ್ಟೇಷನ್ನಿಗೂ ಹೇಳಿ ಒಪ್ಪಿಸಿದೆವು. ಉದ್ದಕ್ಕೆ ಒಂದು ನೇರ ರಸ್ತೆ, ಎರಡು ಕಡೆಯೂ ಸಾಲು ಸಾಲು ಸೈಟಿನ ಕಲ್ಲುಗಳು, ಕೊನೆಯಲ್ಲಿ ಮಾವಿನ ತೋಟ.

ಮೊದಲನೆಯ ಹಾರಾಟ ಬೆಳಿಗ್ಗೆ ಗಾಳಿ ಏಳುವ ಮೊದಲೇ. ಮೂತಿಗೆ ತಗಡಿನ ಕವಚ ಹಾಕಿ ಚೆಂದ ಮಾಡಿದ್ದೆವು. ನೆಲದಲ್ಲಿ ಇಂಜಿನ್ ಎಷ್ಟು ಚೆನ್ನಾಗಿ ಓಡಿತೆಂದರೆ ನನಗೆ ನನ್ನ ಮೇಲೇ ಗೌರವ ಬಂತು. ಭಾಯ್ ರಿಮೋಟನ್ನು ಕೊರಳಿಗೆ ನೇತುಹಾಕಿಕೊಂಡರು. ಅದರಲ್ಲಿ ಎರಡು ಕಡ್ಡಿಗಳು. ಬಲಗಡೆಯದು ವಿಮಾನವನ್ನು ಏರಿಸಿ ಇಳಿಸಿ ವಾಲಿಸುವುದಕ್ಕೆ, ಎಡಗಡೆಯದು ಇಂಜಿನ್ನಿಗೂ ಬಾಲದ ಚುಕ್ಕಾಣಿಗೂ. ವಿಮಾನ ರಸ್ತೆಯಲ್ಲಿ ಓಡಿತು, ಎದ್ದಿತು. ಪೆಟ್ಟಿಗೆಯ ಮರ ಆಕಾಶಕ್ಕೆ ಹೋಗುತ್ತಿದ್ದುದನ್ನು ನೋಡಿ ನನ್ನ ಕಣ್ಣಲ್ಲಿ ನೀರು ಬಂತು, ಹೇಳುವುದಕ್ಕೆ ನಾಚಿಕೆಯೇನಿಲ್ಲ.

ಮೇಲೇರಿ, ತಿರುಗಿ, ವೇಗ ಹಿಡಿದ ಕೂಡಲೇ ಇಂಜಿನ್ ಕೆಮ್ಮಿತು. ಹೊಗೆ ಉಗುಳಿತು. ನಿಂತಿತು.

ಭಾಯ್ ಅದನ್ನು ತೇಲಿಸಿಕೊಂಡು ತಂದರು. ರಸ್ತೆಗೆ ಮುಟ್ಟಿತು, ಆದರೆ ಓರೆಯಾಗಿ ಓಡಿ ಸೈಟಿನ ಕಲ್ಲಿಗೆ ಬಡಿಯಿತು. ಒಂದು ಚಕ್ರದ ಕಾಲು ಮುರಿಯಿತು, ರೆಕ್ಕೆಯ ತುದಿ ಸೀಳಿತು. ನಾನು ಓಡಿಹೋಗಿ ಪಂಖ ತಿರುವಿದರೆ, ಅದೇ ಇಂಜಿನ್ ಏನೂ ಆಗಿಲ್ಲವೆಂಬಂತೆ ಹತ್ತಿಕೊಂಡು ಓಡಿತು. ಆಗ ಬಂದ ಸಿಟ್ಟಿಗೆ ಅದನ್ನು ಅಲ್ಲೇ ಕಲ್ಲಿನಿಂದ ಜಜ್ಜಬೇಕೆನಿಸಿತು.

ಪ್ಲಗ್ಗು ಬಿಚ್ಚಿದೆ. ಪೆಟ್ರೋಲಿನಲ್ಲಿ ನೆಂದು ಕಪ್ಪಗಿತ್ತು. ಪೆಟ್ರೋಲು ಜಾಸ್ತಿಯಾಗುತ್ತಿದೆ ಅಂತ ತೀರ್ಮಾನಿಸಿ, ಟ್ಯಾಂಕಿನ ಪೈಪು, ಫಿಲ್ಟರು, ಕಾರ್ಬೊರೇಟರಿನ ಪರದೆಗಳು, ಎಲ್ಲವನ್ನೂ ಹೊಸದು ಹಾಕಿದೆ. ಅಷ್ಟಕ್ಕೇ ಬಿಡದೆ ಸ್ಕ್ರೂ ತಿರುಗಿಸಿ ಪೆಟ್ರೋಲು ಕಡಿಮೆ ಮಾಡಿದೆ. ರೆಕ್ಕೆ ರಿಪೇರಿಗೆ ಸಾಯಂಕಾಲ ಸಾಯಂಕಾಲ ಭಾಯ್ ಶೆಡ್ಡಿಗೆ ಹೋಗುತ್ತಿದ್ದೆ. ಅವರು ಅಂಟು ಹಚ್ಚುತ್ತಿದ್ದರು, ನಾನು ತುಂಡುಗಳನ್ನು ಹಿಡಿದುಕೊಳ್ಳುತ್ತಿದ್ದೆ. ಮೊದಲ ವಾರ ‘ಹಿಡ್ಕೋ’ ಎಂದು ನನ್ನನ್ನು ಕೇಳುತ್ತಿದ್ದರು. ಆಮೇಲೆ ಕೇಳುವುದನ್ನು ಬಿಟ್ಟರು, ನಾನೇ ಹಿಡಿಯುತ್ತಿದ್ದೆ.

ಎರಡನೆಯ ಸಲ ವಿಮಾನ ಇನ್ನೂ ಏರುತ್ತಿದ್ದಾಗಲೇ ಇಂಜಿನ್ನಿನ ದನಿ ಸಣ್ಣಗಾಗಿ ಕಿರುಚತೊಡಗಿತು. ಆ ಕಿರುಚು ನನಗೆ ಚೆನ್ನಾಗಿ ಗೊತ್ತು. ಆಯಿಲ್ ಹಾಕದೆ ಓಡಿಸಿ ಸುಟ್ಟುಕೊಂಡು ಬರುತ್ತಾರಲ್ಲ, ಆ ಗರಗಸಗಳು ಸಾಯುವ ಮೊದಲು ಹೀಗೇ ಕಿರುಚುತ್ತವೆ.

‘ಇಳ್ಸಿ ಭಾಯ್, ಇಳ್ಸಿ, ಸುಟ್ಟೋಗುತ್ತೆ,’ ಅಂದೆ. ಅವರು ಎಡಗಡೆಯ ಕಡ್ಡಿಯನ್ನು ಕೆಳಗೆ ತರಲು ನೋಡಿದರು. ಬೆರಳು ಅದರ ಮೇಲೆ ಕೂರಲಿಲ್ಲ. ಒಮ್ಮೆ ಜಾರಿತು, ಇನ್ನೊಮ್ಮೆ ಜಾರಿತು. ನಾನು ಕೈಹಾಕಿ ಕಡ್ಡಿ ಎಳೆದೆ. ಈ ಸಲ ವಿಮಾನ ರಸ್ತೆ ದಾಟಿ ಹುಲ್ಲಿನಲ್ಲಿ ಬಿದ್ದದ್ದರಿಂದ ಹೆಚ್ಚು ಮುರಿಯಲಿಲ್ಲ. ಪಿಸ್ಟನ್ನಿಗೆ ಮಾತ್ರ ಉದ್ದುದ್ದ ಗೀರು ಬಿದ್ದಿತ್ತು. ಮೇಲೆ ಹೋದಾಗ ನಿಲ್ಲದಿರಲಿ ಅಂತ ಪೆಟ್ರೋಲು ಕಡಿಮೆ ಮಾಡಿದರೆ ಸುಡುತ್ತದೆ, ಜಾಸ್ತಿ ಬಿಟ್ಟರೆ ವೇಗದಲ್ಲಿ ಕಟ್ಟಿಕೊಂಡು ನಿಲ್ಲುತ್ತದೆ. ತಲೆ ಕೆಟ್ಟುಹೋಯಿತು.

ಲಗೇಜ್ ಆಟೋದಲ್ಲಿ ವಾಪಸ್ ಬರುವಾಗ ಹೇಳಬಾರದ ಮಾತು ಹೇಳಿಬಿಟ್ಟೆ. ‘ಭಾಯ್, ಬೆಂಗಳೂರಿನ ನಿಮ್ ಹಳೇ ಗಿರಾಕಿಗಳಲ್ಲಿ ಯಾರನ್ನಾದ್ರೂ ಕರೀರಿ. ಅವರು ಒಂದ್ ಸಲ ಹಾರಿಸ್ಲಿ. ನೀವು ಪಕ್ಕದಲ್ಲಿ ನಿಂತು ನೋಡಿ.’

‘ನೋಡಿದೀನಿ,’ ಅಂದರು. ‘ಅರೆ, ಅದನ್ನೇ ತಾನೆ ನಾನ್ ಇಷ್ಟ್ ವರ್ಷ ಮಾಡಿರೋದು. ಅವರ ಕೈಗೆ ಕೊಟ್ಟು ಪಕ್ಕದಲ್ಲಿ ನಿಂತು ನೋಡೋದು.’ ಅವರ ಮನೆ ಮುಂದೆ ಆಟೋ ನಿಂತಿತು. ಇಳಿಯುವಾಗ ಎಡಗೈಯನ್ನು ಜೇಬಿಗೆ ಹಾಕಿಕೊಳ್ಳಲು ಹೋದರು, ಅದು ಜೇಬಿನ ಬಾಯನ್ನು ಹುಡುಕುತ್ತಲೇ ಇತ್ತು. ನಾನು ಬೇರೆ ಕಡೆ ತಿರುಗಿದೆ.

ಹೊಸ ಪಿಸ್ಟನ್ನು, ರಿಂಗು ಹಾಕಿ, ಸ್ಕ್ರೂವನ್ನು ಸುಡದಂತೆ ಹಳೆಯ ಜಾಗಕ್ಕೆ ತಂದೆ. ಬೆಂಚಿನ ಮೇಲೆ ಓಡಿಸಿದೆ. ಗಡಿಯಾರದ ಹಾಗೆ ಓಡಿತು. ಓಡುತ್ತಲೇ ಇರುವ ಅದರ ಮುಂದೆ ಕೂತು ಬೈದೆ. ಇಲ್ಲಿ ನಿಂತು ಎಷ್ಟು ಕೇಳಿದರೂ ಇದು ಬಾಯಿ ಬಿಡುವುದಿಲ್ಲ. ಇದಕ್ಕೆ ರೋಗ ಬರುವುದು ಓಟದಲ್ಲಿ. ಹಾಗಾದರೆ ನಾನೂ ಅದರ ಜೊತೆ ಓಡಬೇಕು. ಆಗ ನೆನಪಾದದ್ದು ಪಿಕಪ್ ಗಾಡಿ.

ರಾಯಲ್ಪಾಡಿನ ಡ್ರೈವರೊಬ್ಬ ಮಾವು, ಟೊಮೇಟೊ ಲೋಡು ಹೊಡೆಯುವವನು, ನನಗೆ ಬೇಕಾದವನು. ರೆಕ್ಕೆ ಬಿಚ್ಚಿ ಒಡಲನ್ನು ಮಾತ್ರ ಅವನ ಗಾಡಿಯ ಮೇಲೆ ಕಟ್ಟುವುದು, ಪಂಖ ಕ್ಯಾಬಿನ್ನಿನ ತಲೆಗಿಂತ ಮೇಲಿರಬೇಕು, ಇಂಜಿನ್ ಓಡಿಸುತ್ತ ರಸ್ತೆಯಲ್ಲಿ ವೇಗವಾಗಿ ಹೋಗುವುದು. ಎತ್ತರಕ್ಕೆ ಬೇಕಾದ ಮರದ ಚೌಕಟ್ಟನ್ನು ಭಾಯ್ ಹೊಡೆದರು. ಒಂದೊಂದು ಮೊಳೆಯನ್ನೂ ಬಲಗೈಯಿಂದಲೇ ಬಾಯಿಂದ ತೆಗೆದು ಮರಕ್ಕೆ ಚುಚ್ಚಿ ನಿಲ್ಲಿಸಿ, ಆಮೇಲೆ ಅದೇ ಕೈಗೆ ಸುತ್ತಿಗೆ ತೆಗೆದುಕೊಂಡು ಹೊಡೆಯಬೇಕಾಯಿತು. ನಾನು ಸಹಾಯಕ್ಕೆ ಹೋಗಲಿಲ್ಲ, ಹೋಗಿದ್ದರೆ ಸುತ್ತಿಗೆ ನನ್ನ ಮೇಲೆ ಬರುತ್ತಿತ್ತು.

ಡ್ರೈವರು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ತನ್ನ ತೆಲುಗು ಬೆರೆತ ಕನ್ನಡದಲ್ಲಿ ಕೇಳಿದ. ‘ಅನ್ನಾ, ಇದು ಊಡಿಪೋತೇ ಮೊದ್ಲು ಸಾಯೋದು ಯಾರು? ನಾನಾ, ನೀನಾ?’

‘ಬಿಚ್ಕೊಂಡ್ರೆ ಮುಂದಕ್ಕೆ ಹೋಗುತ್ತೆ ಕಣೋ. ನಾವೆಲ್ಲ ಹಿಂದಿರ್ತೀವಿ.’

‘ಮುಂದಕ್ಕೆ ಹೋದ್ರೂ ನಾನು ಅದ್ರ ಹಿಂದೇನೇ ಹೋಗ್ತಿರ್ತೀನಲ್ಲನ್ನಾ,’ ಅಂದ.  ಆದರೂ ಹತ್ತಿ ಕೂತ, ಪುಣ್ಯಾತ್ಮ.

ರಾಯಲ್ಪಾಡಿನ ಕಡೆಯ ರಸ್ತೆ, ಆಗತಾನೆ ಬೆಳಕಾಗಿತ್ತು. ಭಾಯ್ ಗಾಡಿಯ ಹಿಂದುಗಡೆ ಚೌಕಟ್ಟಿಗೆ ಒರಗಿ, ರಿಮೋಟನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ನಾನು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಒಡಲಿನ ಪಕ್ಕ ಬೋರಲು ಮಲಗಿದೆ. ಮೂತಿಯ ಕವಚದ ಪಕ್ಕಕ್ಕೆ ಅಂಗೈಯಗಲದ ಬಾಗಿಲು ಕತ್ತರಿಸಿದ್ದೆ. ಅದರಲ್ಲಿ ಕೈ ತೂರಿಸಿದರೆ ಕಾರ್ಬೊರೇಟರು ಸಿಗುತ್ತಿತ್ತು. ಪಂಖ ಅದಕ್ಕಿಂತ ಒಂದು ಗೇಣು ಮುಂದೆ. ಕೈ ಪಂಖದವರೆಗೆ ಹೋಗದಂತೆ ಮೊಣಕೈಗೂ ಒಂದು ಹಗ್ಗ ಕಟ್ಟಿಕೊಂಡಿದ್ದೆ. 

ಗಾಡಿ ಹೊರಟಿತು. ನಲವತ್ತರವರೆಗೆ ಇಂಜಿನ್ ಸರಿಯಾಗಿತ್ತು. ಐವತ್ತಕ್ಕೆ ದನಿ ದಪ್ಪವಾಯಿತು. ಅರವತ್ತಕ್ಕೆ ಹೊಗೆ ಬಂತು, ತೊದಲಿತು. ಬಾಯಿ ತುಂಬ ಅನ್ನ ತುರುಕಿಕೊಂಡು ಮಾತಾಡುವವರ ಹಾಗೆ. ಗರಗಸಕ್ಕೆ ಪೆಟ್ರೋಲು ಜಾಸ್ತಿಯಾದರೆ ಹೀಗೇ ತೊದಲುವುದು. ಹೊರಟ ಮೇಲೆ ನಾನು ಸ್ಕ್ರೂ ಮುಟ್ಟಿಯೇ ಇಲ್ಲ, ಪೆಟ್ರೋಲು ಎಲ್ಲಿಂದ ಜಾಸ್ತಿ ಬಂತು?

ಕೈ ಹಾಕಲೆಂದು ಬಾಗಿಲು ತೆರೆದೆ. ದನಿ ತಿಳಿಯಾಯಿತು. ಮುಚ್ಚಿದೆ, ತೊದಲಿತು. ಮತ್ತೆ ತೆರೆದೆ, ತಿಳಿಯಾಯಿತು. ಕವಚದೊಳಗೆ ನುಗ್ಗಿದ ಗಾಳಿ ಏನನ್ನೋ ಒತ್ತುತ್ತಿದೆ. ಬಾಗಿಲನ್ನು ಅಂಗಿಯ ತೋಳಿನಿಂದ ಮುಚ್ಚಿಕೊಂಡೇ ಬೆರಳನ್ನು ಕಾರ್ಬೊರೇಟರಿನ ಮೇಲೆ ಸರಿಸಿದೆ. ಅದರ ಮುಚ್ಚಳದ ನಡುವೆ ಗುಂಡುಸೂಜಿ ಹೋಗುವಷ್ಟು ಸಣ್ಣ ತೂತಿದೆ. ಬೆರಳ ತುದಿಯನ್ನು ಅದಕ್ಕೆ ಒತ್ತದೆ, ಗಾಳಿಗೆ ಅಡ್ಡವಾಗಿ ಹಿಡಿದೆ.

ಇಂಜಿನ್ ಒಂದೇ ಸಮನೆ ಓಡಿತು.

ಆ ತೂತನ್ನು ನಾನು ಎಷ್ಟು ಸಲ ಸೂಜಿ ಹಾಕಿ ಕ್ಲೀನು ಮಾಡಿದ್ದೇನೋ, ಅದು ಅಲ್ಲಿ ಯಾಕಿದೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಒಳಗಿನ ರಬ್ಬರು ಪರದೆ ಉಸಿರಾಡುವುದು ಅದರಿಂದ. ಆ ಪರದೆ ಒಳಕ್ಕೆ ಒತ್ತಿದಷ್ಟೂ ಪೆಟ್ರೋಲು ಹೆಚ್ಚು ಬರುತ್ತದೆ. ಗರಗಸದಲ್ಲಿ ಕಾರ್ಬೊರೇಟರು ಡಬ್ಬಿಯೊಳಗೆ ಕೂತಿರುತ್ತದೆ, ಅಲ್ಲಿ ಗಾಳಿ ಅಲುಗುವುದಿಲ್ಲ. ಗರಗಸ ಹಿಡಿದು ಅರವತ್ತರ ವೇಗದಲ್ಲಿ ಓಡುವವನು ಯಾರಿದ್ದಾನೆ? ವಿಮಾನದಲ್ಲಿ ವೇಗ ಹೆಚ್ಚಿದಷ್ಟೂ ಗಾಳಿ ಆ ತೂತಿನೊಳಗೆ ಊದುತ್ತಿತ್ತು. ಕ್ಯಾಬಿನ್ನಿನ ತಲೆ ಬಡಿದು ಗಾಡಿ ನಿಲ್ಲಿಸಿದೆ. ಹಗ್ಗ ಬಿಚ್ಚುವುದನ್ನೂ ಮರೆತು ಇಳಿಯಲು ಹೋಗಿ ನೇತಾಡಿದೆ. ಡ್ರೈವರು ಬಿದ್ದು ಬಿದ್ದು ನಕ್ಕ.

ಔಷಧಿ ಹೊಡೆಯುವ ಪಂಪಿನ ಹಿತ್ತಾಳೆ ನಳಿಕೆಯ ಚೂರೊಂದನ್ನು ಆ ತೂತಿಗೆ ಅಂಟು ಹಾಕಿ ಕೂರಿಸಿದೆ. ಅದಕ್ಕೆ ರಬ್ಬರು ಪೈಪು ಸಿಕ್ಕಿಸಿ, ಗಾಳಿ ಆಡದ ಒಡಲಿನೊಳಕ್ಕೆ ಎಳೆದೆ. ಸ್ಕ್ರೂವನ್ನು ಸುಡದಂತೆ ಹಳೆಯ ಜಾಗಕ್ಕೆ ತಂದೆ. ಮರುದಿನ ಅದೇ ರಸ್ತೆಯಲ್ಲಿ ಎಂಬತ್ತಕ್ಕೆ ಹೋದೆವು, ದನಿ ಬದಲಾಗಲಿಲ್ಲ.

ಇಂಜಿನ್ ಸರಿಹೋಯಿತು, ಆದರೆ ಭಾಯ್ ಹಾರಿಸಲು ಒಪ್ಪಲಿಲ್ಲ. ನಾಳೆ ಅನ್ನುತ್ತಿದ್ದರು, ಗಾಳಿ ಇದೆ ಅನ್ನುತ್ತಿದ್ದರು. ಎರಡನೆಯ ಸಲ ಕಡ್ಡಿಯ ಮೇಲೆ ಬೆರಳು ಜಾರಿದ್ದನ್ನು ನಾನು ಮರೆತಿರಲಿಲ್ಲ, ಅವರು ಮರೆತಿರುತ್ತಾರೆಯೇ? ಒಂದು ದಿನ ಶೆಡ್ಡಿಗೆ ಹೋದಾಗ ರಿಮೋಟನ್ನು ಮುಂದಿಟ್ಟುಕೊಂಡು ಕೂತಿದ್ದರು.

‘ಬಾಲದ ಚುಕ್ಕಾಣೀನ ಬಲಗಡೆ ಕಡ್ಡಿಗೇ ಸೇರ್ಸಿದೀನಿ,’ ಅಂದರು. ‘ಈಗ ವಿಮಾನ ಪೂರ್ತಿ ಬಲಗೈಗೆ. ಎಡಗಡೆ ಇಂಜಿನ್ ಒಂದೇ ಉಳೀತು.’ ನನ್ನ ಮುಖ ನೋಡದೆ ಅಂದರು, ‘ಇಂಜಿನ್ ನಿಂದು ತಾನೆ. ನೀನೇ ಹಿಡ್ಕೋ.’

‘ನಾನಾ? ನಂಗೇನ್ ಗೊತ್ತು ಭಾಯ್?’

‘ನಾನ್ ಹೇಳ್ತೀನಿ. ಜಾಸ್ತಿ ಅಂದ್ರೆ ಜಾಸ್ತಿ, ಕಮ್ಮಿ ಅಂದ್ರೆ ಕಮ್ಮಿ. ಮುಚ್ಚು ಅಂದ್ರೆ ಪೂರ್ತಿ ಕೆಳಗೆ, ಇಂಜಿನ್ ನಿಂತೋಗ್ಬೇಕು. ರಸ್ತೆ ಚಿಕ್ಕದು, ಪಂಖ ತಿರುಗ್ತಾ ಇದ್ರೆ ಇಳಿಯಲ್ಲ, ತೇಲ್ತಾನೇ ಇರುತ್ತೆ. ಹೇಳಿದ್ ತಕ್ಷಣ ಮುಚ್ಬೇಕು.’

ಮೂರನೆಯ ಸಲ ಲೇಔಟಿಗೆ ಡ್ರೈವರೂ ಬಂದ, ಭಾಯ್ ಹೆಂಡತಿಯೂ ಬಂದರು. ನಾನು ಭಾಯ್‌ಗೆ ಎಡಕ್ಕೆ ಒತ್ತಿ ನಿಂತು, ಅವರ ಕೊರಳಿನ ರಿಮೋಟಿನ ಎಡಗಡೆಯ ಕಡ್ಡಿ ಹಿಡಿದೆ. ಅವರು ನಡುಗುವ ಎಡಗೈಯಿಂದ ನನ್ನ ಮೊಣಕೈ ಹಿಡಿದುಕೊಂಡರು. ‘ಜಾಸ್ತಿ,’ ಅಂದರು. ವಿಮಾನ ಓಡಿತು, ಎದ್ದಿತು, ತಿರುಗಿತು, ವೇಗ ಹಿಡಿಯಿತು. ಮೊದಲ ಸಲ ಕೆಮ್ಮಿದ ಜಾಗ ಬಂತು.  ಇಂಜಿನ್ ಕೆಮ್ಮಲಿಲ್ಲ.

ಒಂದು ಸುತ್ತು, ಎರಡು ಸುತ್ತು. ಭಾಯ್ ಬಲಗೈ ಬೆರಳು ಅಲುಗಿದ್ದೇ ಕಾಣುತ್ತಿರಲಿಲ್ಲ, ಅಲ್ಲಿ ವಿಮಾನ ಮಾತ್ರ ವಾಲಿ ತಿರುಗುತ್ತಿತ್ತು. ಅವರ ಮುಖ ನೋಡುವ ಆಸೆಯಾಯಿತು, ನೋಡಲಿಲ್ಲ. ನನ್ನ ಕಿವಿಯೆಲ್ಲ ಇಂಜಿನ್ ಮೇಲೆಯೇ ಇತ್ತು. ಆಮೇಲೆ ಅವರು, ‘ಕಮ್ಮಿ,’ ಅಂದರು. ವಿಮಾನ ತೋಟದ ಕಡೆಯಿಂದ ರಸ್ತೆಗೆ ನೇರವಾಗಿ ಬಂದು ಕೆಳಕ್ಕಿಳಿಯತೊಡಗಿತು.

‘ಮುಚ್ಚು.’

ನನ್ನ ಕೈ ಏಳಲಿಲ್ಲ. ಇಷ್ಟು ದಿನ ಅದು ನಿಲ್ಲಬಾರದು, ನಿಲ್ಲಬಾರದು ಅಂತಲೇ ಜೀವ ತೇದಿದ್ದೆ. ಅದು ಎಷ್ಟು ಚೆನ್ನಾಗಿ ಓಡುತ್ತಿತ್ತು. ಆಕಾಶದಲ್ಲಿರುವಾಗ ನನ್ನ ಕೈಯಾರೆ ಹೇಗೆ ನಿಲ್ಲಿಸಲಿ?

‘ಮುಚ್ಚು ತಮ್ಮಾ.’

ವಿಮಾನ ಆಳೆತ್ತರದಲ್ಲಿ ತೇಲುತ್ತ ನಮ್ಮನ್ನು ದಾಟುತ್ತಿತ್ತು. ರಸ್ತೆಯ ಕೊನೆಯ ಕಲ್ಲುಗಳು ಕಾಣುತ್ತಿದ್ದವು. ಭಾಯ್ ಎಡಗೈ ನನ್ನ ಮೊಣಕೈಯನ್ನು ಎಷ್ಟು ಬಿಗಿಯಾಗಿ ಹಿಡಿಯಿತೆಂದರೆ, ಆ ಕೈಯಲ್ಲಿ ಅಷ್ಟು ಬಲ ಉಳಿದಿದೆಯೆಂದು ನನಗೆ ಗೊತ್ತಿರಲಿಲ್ಲ.

‘ಮುಚ್ಚೋ.’

ಕಡ್ಡಿಯನ್ನು ಕೆಳಕ್ಕೆ ಎಳೆದೆ. ಸದ್ದು ನಿಂತಿತು. ಎಲ್ಲೋ ಒಂದು ಬಸ್ಸಿನ ಹಾರನ್ನು ಕೇಳಿಸಿತು. ವಿಮಾನ ಮೆಲ್ಲಗೆ ಮೂತಿಯೆತ್ತಿತು, ಎರಡು ಚಕ್ರವೂ ಒಟ್ಟಿಗೆ ಟಾರು ಮುಟ್ಟಿದವು, ನೇರವಾಗಿ ಓಡಿ ಓಡಿ ಕಲ್ಲುಗಳಿಗೆ ಸ್ವಲ್ಪ ದೂರದಲ್ಲಿ ತಾನಾಗಿ ನಿಂತಿತು. ಭಾಯ್ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡರು. ಡ್ರೈವರು ಆಗಲೇ ಅದರ ಕಡೆಗೆ ಓಡುತ್ತಿದ್ದ.

ಭಾಯ್ ಬಲಗೈಯನ್ನು ಕಡ್ಡಿಯಿಂದ ತೆಗೆದು ಸ್ವಲ್ಪ ಹೊತ್ತು ನೋಡಿಕೊಂಡರು. ಎಡಗೈ ಇನ್ನೂ ನನ್ನ ಮೊಣಕೈಯ ಮೇಲೇ ಇತ್ತು, ನಡುಗುತ್ತಿತ್ತು. ಅವರು ಅದನ್ನು ಜೇಬಿಗೆ ಹಾಕಿಕೊಳ್ಳಲು ಹೋಗಲಿಲ್ಲ.

‘ಮೂರ್ ಸಲ ಹೇಳ್ಬೇಕೇನೋ ನಿಂಗೆ?’ ಅಂದರು. ‘ನಾಳೆಯಿಂದ ಒಂದೇ ಸಲ ಹೇಳೋದು.’

ನಾನು ಹೂಂ ಅಂದೆ.